ನಿಂತವರನ್ನು ಮುಟ್ಟಬಾರದು

ನಮ್ಮೂರಿನ ಅಧ್ಯಕ್ಷರು ವರ್ಷಕ್ಕೆ ಏಳೆಂಟು ದಿನ ಗಡ್ಡ ಬಿಟ್ಟುಕೊಂಡೇ ಕಚೇರಿಗೆ ಬರುತ್ತಾರೆ. ಹೊರಗಿನಿಂದ ಬಂದವರು ಅವರ ಮನೆಯಲ್ಲಿ ಏನೋ ಸೂತಕ ಇರಬೇಕು ಎಂದುಕೊಳ್ಳುತ್ತಾರೆ. ಊರಿನವರಿಗೆ ಗೊತ್ತು, ಆ ದಿನ ಅವರ ಮುಖ ಚೌಕದ ಕಲ್ಲಿಗೆ ಹೋಗಿರುತ್ತದೆ, ಸೂರ್ಯ ಮುಳುಗುವವರೆಗೆ ಅವರಿಗೆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ. ಅಂಗಿಯ ಕಾಲರು ಕಾಣುತ್ತದೆ, ಹಿಂದಿನ ಗೋಡೆ ಕಾಣುತ್ತದೆ, ನಡುವೆ ಮಾತ್ರ ಏನೂ ಇರುವುದಿಲ್ಲ. ಮೊದಮೊದಲು ಅಂದಾಜಿನ ಮೇಲೆ ಕೆರೆದುಕೊಳ್ಳಲು ಹೋಗಿ ಎರಡು ಸಲ ಗಲ್ಲ ಕುಯ್ದುಕೊಂಡರು. ಕ್ಷೌರದಂಗಡಿಯವನಂತೂ ಆ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿಕೊಳ್ಳುವುದಿಲ್ಲ. ಎದುರಿನ ಕನ್ನಡಿಯಲ್ಲಿ ತಲೆಯೇ ಇಲ್ಲದ ಗಿರಾಕಿಯನ್ನು ನೋಡಿಕೊಂಡು ಕತ್ತಿ ಆಡಿಸುವುದು ಅವನಿಂದ ಆಗುವುದಿಲ್ಲವಂತೆ.

ಕಲ್ಲು ಎಂದರೆ ಅಂಥ ದೊಡ್ಡದೇನೂ ಅಲ್ಲ. ಆಳೆತ್ತರದ ಕರಿಕಲ್ಲು, ಹೆಗಲಿದೆ, ಕತ್ತಿದೆ, ತಲೆಯಿದೆ; ಮುಖವಿರಬೇಕಾದ ಕಡೆ ಮೊಟ್ಟೆಯ ಹಾಗೆ ನುಣ್ಣಗಿದೆ. ಕಟ್ಟೆಯ ಮೇಲೆ ಎರಡು ಸಾಲು ಕೆತ್ತಿದ್ದಾರೆ: ನಿಂತವರನ್ನು ಮುಟ್ಟಬಾರದು. ಏಕೆಂದು ಕೇಳಬಾರದು. ಯಾರ ಮೇಲೆ ಯಾರಿಗೆ ಎಷ್ಟೇ ಸಿಟ್ಟಿರಲಿ, ಸೂರ್ಯ ಹುಟ್ಟುವ ಹೊತ್ತಿಗೆ ಚಪ್ಪಲಿ ಹಾರ ಕಟ್ಟಿಕೊಂಡು ಇಲ್ಲಿಗೆ ಬರಬಹುದು. ಹಾರದಲ್ಲಿ ತನ್ನ ಕಾಲಿನ ಜೋಡು ಒಂದಾದರೂ ಇರಬೇಕು. ಸಿಟ್ಟು ಯಾರ ಮೇಲೋ ಅವರ ಹೆಸರು ಬರೆದ ಸ್ಲೇಟನ್ನು ಕಲ್ಲಿನ ಎದೆಗೆ ತೂಗುಹಾಕಿ, ಕತ್ತಿಗೆ ಹಾರ ಹಾಕಿದರೆ, ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಕಲ್ಲಿಗೆ ಅವರ ಮುಖ ಬರುತ್ತದೆ. ಹಾರ ಹಾಕಿದವರು ಸಂಜೆಯವರೆಗೆ ಬರಿಗಾಲಲ್ಲಿ, ಮುಖ ಮುಚ್ಚಿಕೊಳ್ಳದೆ, ಪಕ್ಕದಲ್ಲೇ ನಿಂತಿರಬೇಕು. ಅಷ್ಟೇ ಕಾನೂನು.

ಈ ಕಟ್ಟೆಯ ಕಾವಲುಗಾರ ನಾನು, ಜವರಯ್ಯ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬಂದವರಿಗೆ ಮೂರು ಪ್ರಶ್ನೆ ಕೇಳುತ್ತೇನೆ: ನಿಮ್ಮ ಹೆಸರೇನು, ಯಾರ ಹೆಸರು ಬರೆಯಲಿ, ಸೂರ್ಯ ಮುಳುಗುವವರೆಗೆ ನಿಲ್ಲುತ್ತೀರಾ? ಬೀದಿ ಗುಡಿಸುವವನಿಗೂ ಜಮೀನ್ದಾರನಿಗೂ ಅದೇ ಬಹುವಚನ. ನಾಲ್ಕನೆಯ ಪ್ರಶ್ನೆ ನನ್ನ ಬಾಯಿಂದ ಬರುವ ಹಾಗಿಲ್ಲ. ಆಮೇಲೆ ಕೋಲು ಹಿಡಿದು ನಿಂತವರ ಪಕ್ಕ ನಿಲ್ಲುತ್ತೇನೆ. ಜನ ಬಯ್ಯಬಹುದು, ಉಗಿಯಬಹುದು, ಎದುರಿಗೆ ತಮಟೆ ಬಾರಿಸಿಕೊಂಡು ಕುಣಿಯಬಹುದು. ಮೈಮೇಲೆ ಕೈ ಮಾಡಿದರೆ ಕೋಲು ಏಳುತ್ತದೆ. ಹೊಟ್ಟೆ ತುಂಬಿ ಹುಡುಗಾಟಕ್ಕೆ ಬಂದವರನ್ನೂ ಕಾದಿದ್ದೇನೆ, ಬಾಡಿಗೆಗೆ ಬಂದವರನ್ನೂ ಕಾದಿದ್ದೇನೆ. ಬಾಡಿಗೆಯ ಸಿಟ್ಟಿಗೆ ಮಾತ್ರ ಕಲ್ಲು ಮುಖ ಕೊಡುವುದಿಲ್ಲ. ಒಮ್ಮೆ ಚುನಾವಣೆ ಸಮಯದಲ್ಲಿ ಯಾರೋ ಕಳಿಸಿದ್ದ ಹುಡುಗನೊಬ್ಬ ಬೋಳು ಕಲ್ಲಿನ ಪಕ್ಕ ಸಂಜೆಯವರೆಗೆ ನಿಂತು ಊರೆಲ್ಲ ನಗುವಂತಾಯಿತು. ಆದರೂ ನಿಂತ. ನಾನೂ ನಿಂತೆ.

ಇನ್ನೊಂದು ವಿಷಯ ನನಗಷ್ಟೇ ಗೊತ್ತು ಎಂದುಕೊಂಡಿದ್ದೇನೆ, ಯಾಕೆಂದರೆ ದಿನವಿಡೀ ಆ ಮುಖಗಳನ್ನು ನೋಡುವ ಕರ್ಮ ನನ್ನೊಬ್ಬನದು. ಒಬ್ಬರದೇ ಮುಖ ಎರಡು ಸಲ ಒಂದೇ ತರ ಬಂದದ್ದನ್ನು ನಾನು ಕಂಡಿಲ್ಲ. ಅಧ್ಯಕ್ಷ ತಿಮ್ಮರಾಯಪ್ಪನವರದೇ ತಗೊಳ್ಳಿ. ನಲ್ಲಿಯ ನೀರಿಗೋಸ್ಕರ ಹೆಂಗಸರು ಹಾರ ಹಾಕಿದ ದಿನ ಅವರ ಮುಖ ನಿದ್ದೆ ಹೋದವರ ಹಾಗೆ ಬಂದಿತ್ತು. ಅವರ ತಮ್ಮನೇ ಬಂದು ಹಾರ ಹಾಕಿದ ದಿನ ಹತ್ತು ವರ್ಷದ ಹುಡುಗನ ಮುಖ, ಕದ್ದ ಮಾಲನ್ನು ಬೆನ್ನ ಹಿಂದೆ ಇಟ್ಟುಕೊಂಡಂಥದ್ದು. ಹಾರ ಹಾಕಿದವರು ಅವರನ್ನು ಹೇಗೆ ಕಂಡಿದ್ದರೋ ಹಾಗೆ ಬರುತ್ತದೆ. ಒಂದು ಸಲ ಬಂದಮೇಲೆ ಮುಖ ಅಲ್ಲಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ಸೂರ್ಯ ಮುಳುಗಿದಾಗ ಒದ್ದೆ ಕಲೆ ಆರಿದ ಹಾಗೆ ಆರಿಹೋಗುತ್ತದೆ. ಇದಕ್ಕೆಲ್ಲ ನಮ್ಮೂರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಲ್ಲಿಗೆ ಮುಖ ಬಂದ ದಿನ ಕಟ್ಟೆಯ ಸುತ್ತ ನಾಯಿಗಳು ಮಲಗುವುದಿಲ್ಲ ಎಂಬುದನ್ನು ಬಿಟ್ಟರೆ ಚೌಕದಲ್ಲಿ ಕಡಲೆಕಾಯಿ ವ್ಯಾಪಾರ ಎಂದಿನಂತೆ ನಡೆಯುತ್ತದೆ.

ಅವತ್ತು ನನ್ನ ಹೆಂಡತಿ ಪಂಕಜಾಕ್ಷಿ ಸತ್ತು ಹನ್ನೊಂದನೆಯ ದಿನ. ಅವಳು ಊರಿನ ದೊಡ್ಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದವಳು. ಅವಳ ಕ್ಲಾಸಿನಿಂದ ಬರುವ ನಗು ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು ಎನ್ನುತ್ತಾರೆ. ಯಾರ ಮಾತು, ಯಾರ ನಡಿಗೆಯಾದರೂ ಸರಿ, ಒಂದು ಸಲ ನೋಡಿದರೆ ಸಾಕು, ಅಣಕಿಸಿ ತೋರಿಸುತ್ತಿದ್ದಳು. ಅಧ್ಯಕ್ಷರು ಧ್ವಜ ಹಾರಿಸಿ ಭಾಷಣ ಮಾಡುವುದನ್ನು ಅಧ್ಯಕ್ಷರ ಎದುರಿಗೇ ಮಾಡಿ ತೋರಿಸಿ ಅವರನ್ನೂ ನಗಿಸಿದ್ದಳು. ಅಂಥವಳು ಒಂದು ಬೆಳಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ಹೋಗಿಬಿಟ್ಟಳು. ನಮಗೆ ಮಕ್ಕಳಿಲ್ಲ. ಅವಳ ಶಿಷ್ಯರೇ ಸೇರಿ ತಿಥಿಯ ಏರ್ಪಾಟು ಮಾಡಿದ್ದರು. ಫ್ಲೆಕ್ಸ್ ಅಂಗಡಿಯ ಶಶಿಧರ, ಅವನೂ ಅವಳ ಶಿಷ್ಯನೇ, ಬಸ್ ನಿಲ್ದಾಣದ ಎದುರಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ್ದ. ಅವಳ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ 'ಮಕ್ಕಳಿಗೆ ಮಾತು ಕಲಿಸಿದ ತಾಯಿ'.

ತಿಥಿಯ ದಿನವಾದರೂ ಬೆಳಗಿನ ಜಾವ ಕಟ್ಟೆಗೆ ಹೋದೆ. ಸೂರ್ಯ ಹುಟ್ಟಿ ಒಂದು ಮಾರು ಏರುವವರೆಗೆ ಯಾರೂ ಬಾರದಿದ್ದರೆ ಆ ದಿನಕ್ಕೆ ನನಗೆ ಬಿಡುವು. ಗುಡಿಸಿ, ನೀರು ಚಿಮುಕಿಸಿ, ಮನೆಗೆ ಹೋಗಿ ಎಡೆ ಇಡುವುದೆಂದು ಲೆಕ್ಕ. ಪೊರಕೆ ಮೂಲೆಗಿಟ್ಟು ತಿರುಗಿದರೆ ಸಣ್ಣತಾಯಮ್ಮ ನಿಂತಿದ್ದಳು. ಬಸ್ ನಿಲ್ದಾಣದ ಎದುರು ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವವಳು. ನನ್ನ ಖಾಕಿ ಅಂಗಿಗೂ ಪಂಕಜಾಕ್ಷಿಯ ಗಂಜಿ ಹಾಕಿದ ಸೀರೆಗಳಿಗೂ ಇಸ್ತ್ರಿ ಹಾಕುತ್ತಿದ್ದವಳು ಅವಳೇ, ವರ್ಷಾನುಗಟ್ಟಲೆಯಿಂದ. ಕೈಯಲ್ಲಿ ಹಾರ ಹಿಡಿದಿದ್ದಳು. ಮೂರು ಜೊತೆ. ಒಂದು ಅವಳದು, ಕೆಂಡ ಬಿದ್ದು ಅಲ್ಲಲ್ಲಿ ಸುಟ್ಟಿದ್ದು. ಇನ್ನೊಂದು ಹರೆಯದ ಹುಡುಗಿಯದು. ಮೂರನೆಯದು ಎಂಟೊಂಬತ್ತು ವರ್ಷದ ಮಗು ಹಾಕುವಂಥ ನೀಲಿ ಚಪ್ಪಲಿ, ಹಿಮ್ಮಡಿಯ ಕಡೆ ಸವೆದದ್ದು.

ಹೆಸರು ಕೇಳಿದೆ, ಹೇಳಿದಳು. ಯಾರ ಹೆಸರು ಬರೆಯಲಿ ಎಂದು ಕೇಳುವಾಗ ನನ್ನ ಗಮನ ಸೀಮೆಸುಣ್ಣದ ಮೇಲಿತ್ತು.

"ಪಂಕಜಾಕ್ಷಿ ಮೇಡಂದು," ಎಂದಳು.

ಅವಳು ನನ್ನ ಮುಖ ನೋಡಲಿಲ್ಲ. ಸತ್ತವರ ಹೆಸರನ್ನು ನನ್ನ ಕಾಲದಲ್ಲಿ ಯಾರೂ ಬರೆಸಿರಲಿಲ್ಲ. ಬರೆಸಬಾರದೆಂದು ಕಟ್ಟೆಯ ಮೇಲೂ ಇಲ್ಲ. ಸತ್ತು ಹನ್ನೊಂದು ದಿನವಾಗಿರುವ ಹೆಂಗಸಿನ ಮೇಲೆ ನಿನ್ನದೇನಮ್ಮ ಎಂದು ಕೇಳಲು ನಾಲಗೆ ತುದಿಗೆ ಬಂತು. ಇಪ್ಪತ್ತೆರಡು ವರ್ಷ ನುಂಗಿದ ಪ್ರಶ್ನೆಯನ್ನು ಇನ್ನೊಂದು ಸಲ ನುಂಗಿದೆ. "ಸೂರ್ಯ ಮುಳುಗೋವರ್ಗೂ ನಿಲ್ತೀರಾ?" ಎಂದೆ. ನಿಲ್ಲುತ್ತೇನೆ ಎಂದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಹೆಸರನ್ನು ನಾನು ಬರೆದದ್ದು ರೇಷನ್ ಕಾರ್ಡಿನ ಅರ್ಜಿಯಲ್ಲಿ ಒಂದೇ ಸಲ. ಎರಡನೆಯ ಸಲ ಆ ಸ್ಲೇಟಿನ ಮೇಲೆ ಬರೆದೆ.

ಈಗ ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಸಿಟ್ಟಿನ ಜೊತೆಗೇ ನನಗೆ ಆಸೆಯೂ ಆಯಿತು. ಹನ್ನೊಂದು ದಿನವಾಗಿತ್ತು ಅವಳ ಮುಖ ನೋಡಿ. ಮನೆಯಲ್ಲಿರುವ ಒಂದೇ ಫೋಟೋ ಸರ್ಕಾರಿ ಗುರುತಿನ ಚೀಟಿಗೆ ತೆಗೆಸಿದ್ದು, ಅದರಲ್ಲಿ ಅವಳು ಬೇರೆ ಯಾರಿಗೋ ಕಾಯುತ್ತಿರುವವಳ ಹಾಗಿದ್ದಾಳೆ. ಚಪ್ಪಲಿ ಹಾರದ ಮೇಲಾದರೂ ಸರಿ, ಅವಳನ್ನು ಇನ್ನೊಂದು ಸಲ ನೋಡುತ್ತೇನಲ್ಲ ಎನ್ನಿಸಿತು. ಕಲ್ಲಿನಲ್ಲಿ ಮೊದಲು ಮೂಗಿನ ಜಾಗ ಉಬ್ಬಿತು, ಹಿಟ್ಟಿನ ಒಳಗಿಂದ ಯಾರೋ ಬೆರಳು ಒತ್ತಿದ ಹಾಗೆ. ಆಮೇಲೆ ಕಣ್ಣಿನ ಗುಳಿ, ಗಲ್ಲದ ಮೇಲಿನ ಅವಳ ಮಚ್ಚೆ. ಕೊನೆಗೆ ಬಾಯಿ ಬಂತು. ಅದು ನಾನು ಕಂಡಿದ್ದ ಬಾಯಲ್ಲ. ತುಟಿಗಳೆರಡನ್ನೂ ಒತ್ತಿ ಹಿಡಿದು, ಕೆನ್ನೆ ಉಬ್ಬಿಸಿ, ಒಂದು ಕಣ್ಣು ಕಿರಿದು ಮಾಡಿಕೊಂಡು, ಏನನ್ನೋ ಹೊರಗೆ ತಳ್ಳಲು ತಿಣುಕುತ್ತಿರುವ ಮುಖ. ಕಣ್ಣಿನ ಅಂಚಿನಲ್ಲಿ ಮಾತ್ರ ನಗು.

ಎಂಟು ಗಂಟೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಒಂಬತ್ತಕ್ಕೆ ನನ್ನ ತಂಗಿ ಸಾಕಮ್ಮ ತಿಥಿಯ ಅಡುಗೆ ಬಿಟ್ಟು ಓಡಿ ಬಂದಳು. ಎಲೆಯ ಮುಂದೆ ಇಟ್ಟಿದ್ದ ಫೋಟೋದಲ್ಲಿ ಅತ್ತಿಗೆಯ ಮುಖ ಇಲ್ಲ ಎಂದಳು. ಸೀರೆ ಇದೆ, ಕೊರಳಿನ ಸರ ಇದೆ, ಕುಂಕುಮ ಹಚ್ಚಲು ಹೋದರೆ ಗಾಜಿನ ಹಿಂದೆ ಬರೀ ಬಿಳಿ. ಬಸ್ ನಿಲ್ದಾಣದ ಫ್ಲೆಕ್ಸ್‌ನಲ್ಲೂ ಹಾಗೇ ಆಗಿದೆಯಂತೆ. ಶಾಸ್ತ್ರ ಮಾಡಿಸಲು ಬಂದವರು ಮುಖವಿಲ್ಲದ ಫೋಟೋಗೆ ಎಡೆ ಇಡುವುದು ಹೇಗೆಂದು ಪೇಚಾಡುತ್ತಿದ್ದಾರೆ, ನೀನು ಬೇಗ ಬಾ ಎಂದು ಅತ್ತಳು. ಎಡೆ ನೀವೇ ಇಡಿ ಎಂದು ಹೇಳಿ ಕಳಿಸಿದೆ. ಅವಳು ಹೋಗುವಾಗ ಸಣ್ಣತಾಯಮ್ಮನ ಕಡೆಗೆ ಮಣ್ಣು ತೂರಿ ಶಾಪ ಹಾಕಿದಳು. ಶಾಪಕ್ಕೆ ಕೋಲು ಎತ್ತುವ ಹಾಗಿಲ್ಲ.

ಹತ್ತು ಗಂಟೆಗೆ ಶಿಷ್ಯರು ಬಂದರು, ನೂರು ನೂರೈವತ್ತು ಜನ. ಇದು ಮೇಡಂ ಮುಖವೇ ಅಲ್ಲ, ಮೇಡಂ ಹೀಗಿರಲಿಲ್ಲ ಎಂದು ಕೂಗಿದರು. ಅದು ನನ್ನ ಮನಸ್ಸಿನ ಮಾತೇ ಆಗಿತ್ತು. ಶಶಿಧರ ಕೈಗೆ ಕಲ್ಲು ತೆಗೆದುಕೊಂಡ. ನಾನು ಸಣ್ಣತಾಯಮ್ಮನ ಮುಂದೆ ಬಂದು ನಿಂತು ಕೋಲು ಅಡ್ಡ ಹಿಡಿದೆ. ಅವನು ನಮ್ಮ ಮನೆಯಲ್ಲಿ ತಿಂದುಂಡು ಬೆಳೆದ ಹುಡುಗ. ನನ್ನ ಕಣ್ಣನ್ನೇ ನೋಡಿ, "ನಿಮ್ಗೆ ನಾಚ್ಕೆ ಆಗಲ್ವಾ ಮೇಷ್ಟ್ರಮ್ಮನ ಗಂಡ ಅನ್ನಿಸ್ಕೊಳಾಕೆ?" ಎಂದ. ನನಗೆ ನಾಚಿಕೆ ಆಗುತ್ತಿತ್ತು. ಆದರೂ ಕೋಲು ಇಳಿಸಲಿಲ್ಲ. ಹಿಂದಿನಿಂದ ಯಾರೋ ಎಸೆದ ಕಲ್ಲೊಂದು ನನ್ನ ಭುಜಕ್ಕೆ ಬಿತ್ತು. ಸಣ್ಣತಾಯಮ್ಮ ನನ್ನ ಬೆನ್ನ ಹಿಂದೆ ಉಸಿರಾಡುವುದು ನನಗೆ ಕೇಳಿಸುತ್ತಿತ್ತು. ಇವಳನ್ನು ನಾನು ಯಾಕೆ ಕಾಯುತ್ತಿದ್ದೇನೆ ಎಂದು ನನ್ನನ್ನೇ ಬಯ್ದುಕೊಂಡೆ. ಅವಳ ಮೇಲೆ ಅಷ್ಟು ದ್ವೇಷ ಬಂದಿತ್ತು.

ಹನ್ನೆರಡಕ್ಕೆ ಅಧ್ಯಕ್ಷರು ಬಂದರು, ಕೈಯಲ್ಲಿ ಟೈಪು ಮಾಡಿಸಿದ ಕಾಗದ. ಅವರು ಒಳ್ಳೆಯ ಮಾತುಗಾರರು, ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಎರಡು ದಾರಿ ತೋರಿಸಿದರು. ಮೊದಲನೆಯದು, ನಾನು ಮನೆಗೆ ಹೋಗಿ ಹೆಂಡತಿಗೆ ಎಡೆ ಇಟ್ಟು ಅರ್ಧ ಗಂಟೆಯಲ್ಲಿ ಬರುವುದು. ತಿಥಿಗೆ ಹೋದ ಗಂಡನನ್ನು ಯಾರು ತಪ್ಪು ಎನ್ನುತ್ತಾರೆ? ಅರ್ಧ ಗಂಟೆಯಲ್ಲಿ ಹುಡುಗರು ನೋಡಿಕೊಳ್ಳುತ್ತಾರೆ. ಎರಡನೆಯದು ಆ ಕಾಗದ. ಸತ್ತವರ ಹೆಸರನ್ನು ಇನ್ನು ಮುಂದೆ ಕಲ್ಲಿಗೆ ಹಾಕಕೂಡದು ಎಂದು ನಿರ್ಣಯ. ನೊಂದ ಗಂಡನೇ ಕೇಳಿಕೊಂಡ ಎಂದು ನನ್ನ ಸಹಿ ಬಿದ್ದರೆ ಸಭೆಯಲ್ಲಿ ಒಬ್ಬರೂ ಬಾಯಿ ತೆರೆಯುವುದಿಲ್ಲ. ಆಮೇಲೆ ಕಾಯಿಲೆಯವರು, ಆಮೇಲೆ ಮುದುಕರು, ಆಮೇಲೆ ದೊಡ್ಡ ಹುದ್ದೆಯಲ್ಲಿರುವವರು ಎಂದು ಪಟ್ಟಿ ಬೆಳೆಯುವುದು ನನಗೆ ಕಾಣುತ್ತಿತ್ತು. ನಲವತ್ತಮೂರು ಸಲ ಹಾರ ಹಾಕಿಸಿಕೊಂಡ ಮನುಷ್ಯನಿಗೆ ಸತ್ತವರ ಮೇಲೆ ಇಷ್ಟು ಮರುಕ ಸುಮ್ಮನೆ ಬರುವುದಿಲ್ಲ. ಆದರೂ ಕಾಗದ ಇಸಿದುಕೊಂಡು ಮಡಿಸಿ ಜೇಬಿಗೆ ಹಾಕಿದೆ. ಸಹಿ ಮಾಡಬೇಕು ಎಂದು ಆಗ ಮನಸ್ಸಿನಲ್ಲಿತ್ತು. ಮನೆಗೆ ಮಾತ್ರ ಹೋಗಲಿಲ್ಲ.

ಮಧ್ಯಾಹ್ನ ಇಳಿದಮೇಲೆ ಸಣ್ಣತಾಯಮ್ಮನ ಮಗಳು ಪಲ್ಲವಿ ತಾಯಿಗೆ ನೀರು ತಂದಳು. ಇಪ್ಪತ್ತು ವರ್ಷದ ಹುಡುಗಿ, ಅಂಗಡಿಯಲ್ಲಿ ಬಟ್ಟೆ ಮಡಿಸುವವಳು. ಮಾತಿಲ್ಲ. ಹುಟ್ಟಿನಿಂದಲೇ ಹೀಗೆಂದು ಕೆಲವರು, ಜ್ವರ ಬಂದು ಹೋಯಿತೆಂದು ಕೆಲವರು. ನಾನೂ ಅಷ್ಟೇ ತಿಳಿದವನು. ಜನ ಅವಳಿಗೆ ದಾರಿ ಬಿಟ್ಟರು. ಅವಳೂ ಬರಿಗಾಲಲ್ಲಿದ್ದಳು. ಚೊಂಬು ತಾಯಿಯ ಕೈಗಿತ್ತು ತಲೆಯೆತ್ತಿ ಕಲ್ಲಿನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ತುಟಿಗಳು ಒತ್ತಿಕೊಂಡವು, ಕೆನ್ನೆ ಉಬ್ಬಿತು, ಒಂದು ಕಣ್ಣು ಕಿರಿದಾಯಿತು. ಕತ್ತಿನ ನರ ಬಿಗಿದುಕೊಂಡಿತು. ಅವಳು ತನ್ನ ಹೆಸರು ಹೇಳಲು ನೋಡುತ್ತಿದ್ದಳು, ಮೊದಲಕ್ಷರದಲ್ಲೇ ನಿಂತುಹೋಗಿತ್ತು. ಕಲ್ಲಿನ ಮೇಲೆ ಒಂದು ಮುಖ, ಕೆಳಗೆ ಒಂದು ಮುಖ, ಎರಡೂ ಒಂದೇ. ಮೇಲಿನದರಲ್ಲಿ ನಗುವಿತ್ತು, ಕೆಳಗಿನದರಲ್ಲಿ ಇರಲಿಲ್ಲ.

ಗುಂಪಿನಲ್ಲಿ ಒಬ್ಬ ಹೆಂಗಸು, ಪಲ್ಲವಿಯ ವಾರಿಗೆಯವಳು, ಬಾಯಿಗೆ ಸೆರಗು ಒತ್ತಿಕೊಂಡಳು. ಪಂಕಜಾಕ್ಷಿ ಈ ಹುಡುಗಿಯ ಮಾತು ತಡೆಯುವುದನ್ನು ಅಣಕಿಸಿದ ದಿನ ಆ ಕ್ಲಾಸಿನಲ್ಲಿ ಕೂತು ನಕ್ಕವಳಿರಬೇಕು. ಶಶಿಧರ ಕೈಯಲ್ಲಿದ್ದ ಕಲ್ಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದೇ ನಿಂತಿದ್ದ. ಬಂದವರು ಒಬ್ಬೊಬ್ಬರಾಗಿ, ಜಗಳವಾಡಲು ಬಂದಿರಲೇ ಇಲ್ಲವೆನ್ನುವ ಹಾಗೆ, ಚದುರಿ ಹೋದರು. ಐದು ಗಂಟೆಗೆ ಚೌಕದಲ್ಲಿ ಉಳಿದವರು ನಾವು ಮೂವರು, ಮತ್ತೆ ಕಲ್ಲಿನ ಮೇಲೆ ಅವಳು.

ಸೂರ್ಯ ಮುಳುಗಿ ಕಲ್ಲು ಬೋಳಾಯಿತು. ಸಣ್ಣತಾಯಮ್ಮ ಹಾರ ಬಿಚ್ಚಿ, ನೀಲಿ ಚಪ್ಪಲಿಯನ್ನು ಸೆರಗಿನಲ್ಲಿ ಒರೆಸಿ, ಮಗಳ ಕೈಗೆ ಕೊಟ್ಟಳು. ಹೊರಟವಳು ತಿರುಗಿ ನಿಂತಳು.

"ಬದ್ಕಿದ್ದಾಗ್ಲೇ ಯಾಕ್ ಬರ್ಲಿಲ್ಲ ಅಂತ ಕೇಳಲ್ವಾ ಜವರಣ್ಣ?"

"ಕೇಳೋ ಹಂಗಿಲ್ಲ ಕಣಮ್ಮ."

"ಹನ್ನೊಂದ್ ವರ್ಸದಿಂದ ಬರ್ಬೇಕು ಅನ್ಕಂಡಿದ್ದೆ. ಇಲ್ಲಿ ನೀವ್ ನಿಂತಿರ್ತಿದ್ರಿ. ನೀವೇ ಹೊಡೆದ್ರೆ ಬಿಡಿಸ್ಕಳಾಕೆ ಯಾರವ್ರೆ ಅಂತ ಸುಮ್ಕಾದೆ. ಮೊನ್ನೆ ಅಂಗಡಿ ಮುಂದೆ ಆ ಬೋರ್ಡು ಕಟ್ಟಿದ್ರಲ್ಲ, ಮಗೀಗೆ ಅದನ್ನ ಓದಾಕ್ ಬರ್ತದೆ."

ಅಷ್ಟು ಹೇಳಿ ಹೋದಳು. ಹನ್ನೊಂದು ವರ್ಷ ಅವಳು ಪಂಕಜಾಕ್ಷಿಯ ಸೀರೆಗಳಿಗೆ ಇಸ್ತ್ರಿ ಹಾಕಿದ್ದಾಳೆ. ಒಂದರ ಮೇಲೂ ಸುಟ್ಟ ಕಲೆ ಇಲ್ಲ.

ಮನೆಗೆ ಬಂದರೆ ಫೋಟೋದಲ್ಲಿ ಮುಖ ಮರಳಿತ್ತು. ಎಡೆಯನ್ನು ಕಾಗೆ ಮುಟ್ಟಿದೆ ಎಂದು ಸಾಕಮ್ಮ ಸಮಾಧಾನ ಹೇಳಿದಳು. ಅಂದಿನಿಂದ ನನಗೊಂದು ಕಾಟ ಶುರುವಾಯಿತು. ಕಣ್ಣು ಮುಚ್ಚಿದರೆ ಪಂಕಜಾಕ್ಷಿ ಬರುತ್ತಾಳೆ, ತುಟಿ ಒತ್ತಿಕೊಂಡೇ ಬರುತ್ತಾಳೆ. ಒಲೆಯ ಮುಂದಿನ ಮುಖ, ಜ್ವರದಲ್ಲಿ ನನ್ನ ಹಣೆ ಮುಟ್ಟಿ ನೋಡುತ್ತಿದ್ದ ಮುಖ, ಮದುವೆಯ ದಿನ ಕದ್ದು ನೋಡಿದ್ದ ಮುಖ, ಒಂದನ್ನೂ ಹಿಡಿಯಲಾಗುತ್ತಿಲ್ಲ. ಮೂವತ್ತೊಂದು ವರ್ಷದ ಮುಖಗಳನ್ನೆಲ್ಲ ಒಂದು ದಿನದ ಮುಖ ನುಂಗಿಹಾಕಿತ್ತು. ಸಣ್ಣತಾಯಮ್ಮ ಸುಳ್ಳು ಹೇಳಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಅದೊಂದೇ ನಿಜವೇ? ನಾನು ಕಂಡ ಪಂಕಜಾಕ್ಷಿ ಎಲ್ಲಿ? ಅವಳನ್ನು ನೋಡಲು ಇದ್ದದ್ದು ಒಂದೇ ಜಾಗ. ಅಲ್ಲಿ ನೋಡಬೇಕಾದರೆ ಅವಳ ಕತ್ತಿಗೆ ನನ್ನ ಚಪ್ಪಲಿ ಹಾಕಬೇಕು.

ಈ ಯೋಚನೆ ಬಂದ ರಾತ್ರಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಆದರೆ ಯೋಚನೆ ಹೋಗಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂದು ಕೂತಿತು. ಸಿಟ್ಟಿಲ್ಲದ ಹಾರಕ್ಕೆ ಕಲ್ಲು ಮುಖ ಕೊಡುವುದಿಲ್ಲ. ನನಗೆ ಅವಳ ಮೇಲೆ ಏನು ಸಿಟ್ಟಿತ್ತು? ಒಂದು ಮಾತು ಏರಿಸಿ ಆಡಿದವನಲ್ಲ ನಾನು. ಹಾಗಾದರೆ ಕಲ್ಲು ಬೋಳಾಗಿಯೇ ಇರುತ್ತದೆ, ಜನ ನಗುತ್ತಾರೆ. ನಗಲಿ, ನನ್ನ ಸಂಸಾರದಲ್ಲಿ ಕಲ್ಮಷ ಇರಲಿಲ್ಲ ಎಂದಾದರೂ ಗೊತ್ತಾಗುತ್ತದೆ. ಮುಖ ಬಂದರೆ ಅವಳನ್ನು ನೋಡಿದಂತಾಗುತ್ತದೆ. ಎರಡರಲ್ಲಿ ನನಗೆ ಯಾವುದು ಬೇಕಿತ್ತು ಎಂದು ಈಗಲೂ ಹೇಳಲಾರೆ.

ಅಧ್ಯಕ್ಷರ ಕಾಗದವನ್ನು ಸಹಿ ಹಾಕದೆ ವಾಪಸು ಕೊಟ್ಟೆ. ನಮ್ಮೂರಿನ ಕಾನೂನು ಉಳಿದದ್ದು ನನ್ನ ದೊಡ್ಡತನದಿಂದ ಎಂದು ಈಚೆಗೆ ಕೆಲವರು ಹೇಳುತ್ತಾರೆ, ಅದು ಹಾಗಲ್ಲ. ಸಹಿ ಹಾಕಿದ್ದರೆ ಸತ್ತವಳ ಹೆಸರನ್ನು ನಾನೂ ಬರೆಯುವಂತಿರಲಿಲ್ಲ. ಅಧ್ಯಕ್ಷರು ಕಾಗದವನ್ನು ತಿರುವಿ ಮುರುವಿ ನೋಡಿ, ನಿನ್ನ ಹೆಂಡತಿಯ ಮಾನ ನಿನಗೆ ಬೇಡವಾದರೆ ನನಗೇನು ಎಂದರು. ಬೇಕು, ಅದಕ್ಕೇ ಹೀಗೆ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಕಾವಲುಗಾರನೇ ಹಾರ ಹಾಕುವುದಾದರೆ ಕೋಲನ್ನು ಇನ್ನೊಬ್ಬರ ಕೈಗೆ ಕೊಡಬೇಕು, ಆ ಇನ್ನೊಬ್ಬರು ಹಿಂದೆ ಒಂದು ಸಲವಾದರೂ ಕಟ್ಟೆಯ ಮೇಲೆ ನಿಂತವರಾಗಿರಬೇಕು. ಹಳೆಯ ಪದ್ಧತಿ. ನಾನು ಇಸ್ತ್ರಿ ಅಂಗಡಿಗೆ ಹೋದೆ. ಎದುರಿನ ಫ್ಲೆಕ್ಸ್ ಯಾರೋ ಬಿಚ್ಚಿದ್ದರು, ಬರೀ ಗೂಟಗಳಿದ್ದವು. ಪಲ್ಲವಿ ಅಂಗಿಯೊಂದನ್ನು ಮಡಿಸುತ್ತಿದ್ದಳು, ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಬಂದ ಕೆಲಸ ಹೇಳಿದೆ. ಸಣ್ಣತಾಯಮ್ಮ ಒಂದು ಪ್ಯಾಂಟನ್ನು ಪೂರ್ತಿ ತಿಕ್ಕಿ ಮುಗಿಸಿದಳು.

"ನಾನು ಕ್ಷಮಿಸಿಲ್ಲ," ಎಂದಳು ಆಮೇಲೆ. "ಕೋಲ್ ಹಿಡಿಯಾಕೆ ಕ್ಷಮಿಸ್ಬೇಕಾಗಿಲ್ಲ ಅಲ್ವಾ?"

"ಬೇಕಾಗಿಲ್ಲ."

"ಹಂಗಾದ್ರೆ ಬತ್ತೀನಿ."

ಗುರುವಾರ ಸೂರ್ಯ ಹುಟ್ಟುವಾಗ ಅವಳು ನನಗಿಂತ ಮೊದಲೇ ಬಂದಿದ್ದಳು. ಕೋಲನ್ನು ಇಸ್ತ್ರಿ ಪೆಟ್ಟಿಗೆಯ ಹಿಡಿಯ ಹಾಗೆ ಬಿಗಿಯಾಗಿ ಹಿಡಿದು ಮೂರು ಪ್ರಶ್ನೆ ಕೇಳಿದಳು, ಬಹುವಚನದಲ್ಲೇ. ನಾಲ್ಕನೆಯದನ್ನು ಕೇಳಲಿಲ್ಲ. ನನ್ನ ಹಳೆಯ ಜೋಡು, ಹಗ್ಗದಲ್ಲಿ ಕಟ್ಟಿದ್ದು, ಅಷ್ಟೇ ಹಾರ. ಅದನ್ನು ಅವಳ ಕತ್ತಿಗೆ, ಕಲ್ಲಿನ ಕತ್ತಿಗೆ, ಹಾಕುವಾಗ ತಪ್ಪಾಯಿತು ಕಣೇ ಎಂದು ಮೆಲ್ಲಗೆ ಹೇಳಿದೆ. ಕೆಳಗಿಳಿದು ನಿಂತು ನೆಲ ನೋಡಿದೆ. ಎಲೆಯಡಿಕೆಯ ಹೊತ್ತು ಕಳೆಯಿತು. ಬಂದಿಲ್ಲ ಎಂದುಕೊಂಡು ಉಸಿರು ಬಿಡುವಷ್ಟರಲ್ಲಿ ಸಣ್ಣತಾಯಮ್ಮ, "ಬಂತು," ಎಂದಳು.

ತಲೆಯೆತ್ತಿದೆ. ಪಂಕಜಾಕ್ಷಿಗೆ ಇಪ್ಪತ್ತನಾಲ್ಕು ವರ್ಷ. ಅಷ್ಟು ಚೆಲುವೆಯಾಗಿದ್ದಳೇ ಅವಳು? ತಲೆ ಹಿಂದಕ್ಕೆ ಹಾಕಿ, ಹುಬ್ಬು ಮೇಲೇರಿಸಿ, ಕಣ್ಣು ಅರೆ ಮುಚ್ಚಿ, ಬಾಯನ್ನು ಅಗಲವಾಗಿ ತೆರೆದಿದ್ದಳು. ಅವಳು ಹಾಡುತ್ತಿದ್ದಳು. ಅವಳು ನಾನಾಗಿ ಹಾಡುತ್ತಿದ್ದಳು.

ಮದುವೆಯಾದ ವರ್ಷ, ಅವಳ ಶಾಲೆಯವರೆಲ್ಲ ಕೆರೆಯ ಏರಿಗೆ ಊಟ ಕಟ್ಟಿಕೊಂಡು ಹೋಗಿದ್ದೆವು. ಆಗ ನಾನು ಹಾಡುತ್ತಿದ್ದೆ. ಬಚ್ಚಲಲ್ಲಿ, ದಾರಿಯಲ್ಲಿ, ಸೈಕಲ್ ತುಳಿಯುವಾಗ, ನನ್ನವ್ವ ರಾಗಿ ಬೀಸುತ್ತ ಹೇಳಿಕೊಡುತ್ತಿದ್ದ ಪದಗಳು. ಊಟವಾದಮೇಲೆ ಯಾರೋ ಹಾಡಿ ಎಂದರು, ಹಾಡಿದೆ. ಮುಗಿದಮೇಲೆ ಪಂಕಜಾಕ್ಷಿ ಎದ್ದು ನಿಂತು ಅದನ್ನೇ ಹಾಡಿ ತೋರಿಸಿದಳು, ನನ್ನ ಹುಬ್ಬು, ನನ್ನ ಬಾಯಿ, ನನ್ನ ಎಳೆದ ರಾಗ. ಜನ ಬಿದ್ದು ಬಿದ್ದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮೂವತ್ತು ವರ್ಷ ಆ ಕಥೆಯನ್ನು ನಾನೇ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಆ ದಿನದಿಂದ ನಾನು ಹಾಡಿಲ್ಲ ಎಂಬುದು ಮಾತ್ರ ನನ್ನ ಗಮನಕ್ಕೇ ಬಂದಿರಲಿಲ್ಲ. ಅವಳ ಗಮನಕ್ಕೆ ಬಂದಿತ್ತೋ ಏನೋ.

ಜನ ಸೇರಿದರು. ಹೆಂಡತಿಗೆ ಚಪ್ಪಲಿ ಹಾಕಿದ ಗಂಡ ಎಂದು ಉಗಿದರು. ಹನ್ನೊಂದು ಗಂಟೆಗೆ ಕುಡಿದು ಬಂದ ಒಬ್ಬ ನನ್ನ ಕೊರಳಪಟ್ಟಿಗೆ ಕೈ ಹಾಕಲು ಬಂದ. ಸಣ್ಣತಾಯಮ್ಮ ಕೋಲು ಅಡ್ಡ ಹಿಡಿದು, ಕಟ್ಟೆಯ ಮೇಲೆ ಕೆತ್ತಿರುವುದನ್ನು ಬೆರಳು ಮಾಡಿ ತೋರಿಸಿದಳು. ಅವಳಿಗೆ ಓದು ಬಾರದು, ಆದರೆ ಎಲ್ಲಿ ಏನಿದೆ ಎಂದು ಗೊತ್ತು. ಅವನು ಹಿಂದೆ ಸರಿದ. ಬಿಸಿಲು ಏರಿ ಕಲ್ಲುಹಾಸು ಕಾದು ಅಂಗಾಲು ಸುಟ್ಟಿತು. ನಾನು ದಿನವಿಡೀ ಅವಳ ಮುಖ ನೋಡಿದೆ. ಸಿಟ್ಟು ಬಂತು, ಮೂವತ್ತು ವರ್ಷದ್ದೂ ಒಟ್ಟಿಗೆ ಬಂತು. ಪ್ರೀತಿಯೂ ಬಂತು, ಅದಕ್ಕೆ ನಾಚಿಕೆಯೇ ಇಲ್ಲ.

ಸಂಜೆ ಜನ ಹೋದರು. ಪಲ್ಲವಿ ಅಂಗಡಿ ಮುಚ್ಚಿ ಬಂದು ಕಟ್ಟೆಯ ಕೆಳಗೆ ಕೂತಿದ್ದಳು. ಸೂರ್ಯ ಮಾರುಕಟ್ಟೆಯ ಸೂರಿನ ಮೇಲೆ ಇಳಿದಿತ್ತು. ಕಲ್ಲಿನ ಬಾಯಿ ತೆರೆದೇ ಇತ್ತು, ದನಿಯಿಲ್ಲದೆ, ನನ್ನ ಹಾಡಿನ ನಡುವೆ. ಇನ್ನು ಸ್ವಲ್ಪ ಹೊತ್ತಿಗೆ ಅದೂ ಆರಿಹೋಗುತ್ತದೆ ಎನ್ನಿಸಿದಾಗ ನಾನು ಬಾಯಿ ತೆರೆದು ಹಾಡಿದೆ. ಅವ್ವನ ರಾಗಿ ಬೀಸುವ ಪದ, ಮೊದಲ ಸಾಲು. ದನಿ ಒಡೆದಿತ್ತು, ರಾಗ ಎಲ್ಲಿಗೋ ಎಳೆಯಿತು, ಹುಬ್ಬು ತಾನಾಗಿ ಮೇಲೇರಿತು. ಅವಳು ಅಣಕಿಸಿದ್ದು ಸರಿಯಾಗಿಯೇ ಇತ್ತು. ಪಲ್ಲವಿ ತಲೆಯೆತ್ತಿದಳು. ಸಣ್ಣತಾಯಮ್ಮ ನಗಲಿಲ್ಲ.

ಸಾಲು ಮುಗಿಸಿ ಉಸಿರು ತೆಗೆದುಕೊಳ್ಳಲು ನಿಂತಾಗ ಸಣ್ಣತಾಯಮ್ಮ ಕೋಲನ್ನು ನೆಲಕ್ಕೆ ಊರಿ, ಕಲ್ಲನ್ನೇ ನೋಡುತ್ತ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ನಾನೂ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಬಂದ ಮುಖ ಅಲ್ಲಾಡಿದ್ದನ್ನು ನಾನು ಕಂಡಿರಲಿಲ್ಲ. ಪಂಕಜಾಕ್ಷಿಯ ಬಾಯಿ ಮುಚ್ಚಿತ್ತು. ಹುಬ್ಬು ಇಳಿದಿತ್ತು. ತಲೆ ಒಂದಿಷ್ಟು ವಾಲಿಸಿ, ಕಿವಿಯನ್ನು ನನ್ನ ಕಡೆಗೆ ಮಾಡಿಕೊಂಡಿದ್ದಳು. ಸೂರ್ಯ ಮುಳುಗಲು ಇನ್ನೂ ಒಂದು ಗಳಿಗೆ ಇತ್ತು. ನಾನು ಎರಡನೆಯ ಸಾಲು ಹಾಡಿದೆ.